ಡಾಕ್ಟರು ಬರಲಿಲ್ಲ

ನಾಟಕಕಾರನ ನಾಟಕಗಳನ್ನು ಕಪಾಟಿಗೇರಿಸಿ ಅವನ ಜೀವನಕಥೆಯನ್ನು ದಿಂಬಿನ ಪಕ್ಕ ಇಟ್ಟುಕೊಳ್ಳುವ ಓದುಗರ ಪಂಗಡವೊಂದಿದೆ. ನಾನೂ ಆ ಪಂಗಡದ ಸದಸ್ಯತ್ವ ಪಡೆದಿದ್ದೇನೆ ಎಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆ ಆರಾಣೆಯಾದರೆ ಖುಷಿ ಹತ್ತಾಣೆ. ಚೆನ್ನೈಯಲ್ಲಿ ಕೂತು ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’ ಓದುವ ಕನ್ನಡಿಗರಿಗಂತೂ ಈ ಚಪಲಕ್ಕೆ ಒಳ್ಳೆಯ ನೆಪವಿದೆ: 1963ರಿಂದ 1970ರವರೆಗೆ ಅವರು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿಯಲ್ಲಿ ಇದೇ ಊರಲ್ಲಿದ್ದರು. ಆದರೆ ನೆಪ ಬೇಕಾಗಿಯೇ ಇಲ್ಲ ಎಂಬುದು ನನ್ನ ವಾದ. ರಂಜಕ ಜೀವನಕಥೆಯನ್ನು ಚಪ್ಪರಿಸುವುದೂ ನಾಟಕ ಓದುವ ಒಂದು ಬಗೆಯೇ.

ಸಾಕ್ಷಿಗೆ ಪುಸ್ತಕದ ಆರಂಭವನ್ನೇ ತೆಗೆದುಕೊಳ್ಳಿ. ಮಕ್ಕಳು ಇನ್ನು ಸಾಕೆನಿಸಿದ ದಂಪತಿ ಗರ್ಭ ತೆಗೆಸಲು ಪುಣೆಯ ಕ್ಲಿನಿಕ್ಕಿಗೆ ಹೋಗಿ ಒಂದು ಗಂಟೆ ಕಾಯುತ್ತಾರೆ. ಡಾಕ್ಟರು ಬರುವುದಿಲ್ಲ. ದಂಪತಿ ಎದ್ದು ಮನೆಗೆ ಹೋಗುತ್ತಾರೆ, ಮತ್ತೆ ಹೋಗುವುದಿಲ್ಲ. 1938ರ ಮೇ 19ರಂದು ಕಾರ್ನಾಡರು ಹುಟ್ಟುತ್ತಾರೆ. ಇದನ್ನು ನಾಟಕವೆಂದೇ ಪರಿಶೀಲಿಸೋಣ. ಮುಖ್ಯ ಪಾತ್ರ ರಂಗಕ್ಕೆ ಬರುವುದೇ ಇಲ್ಲ. ಕಥಾನಾಯಕ ರಂಗದ ಮೇಲೇ ಇದ್ದಾನೆ, ಕಾಣಿಸುವುದಿಲ್ಲ. ಬೆಕೆಟ್ಟನ ಗೊಡೋ ಪ್ಯಾರಿಸ್ಸಿನ ರಂಗಕ್ಕೆ ಬಾರದೆ ಹೋದದ್ದು 1953ರಲ್ಲಿ. ನಮ್ಮ ಡಾಕ್ಟರು ಅದಕ್ಕೂ ಸುಮಾರು ಹದಿನೈದು ವರ್ಷ ಮೊದಲೇ ಬಾರದೆ ಹೋಗಿದ್ದರು. ಯಾಕೆ ಬರಲಿಲ್ಲ? ಇನ್ನೆಲ್ಲೋ ತುರ್ತು ಹೆರಿಗೆಯೋ, ಟಾಂಗಾದ ಚಕ್ರವೋ, ಹೊಸ್ತಿಲಲ್ಲಿ ಸಿಕ್ಕ ನೆಂಟರೋ? ಆ ನೆಂಟರು ಎರಡನೇ ಲೋಟ ಚಹಾ ಬೇಡ ಎಂದಿದ್ದರೆ 1961ರ ‘ಯಯಾತಿ’ ಇಲ್ಲ, 1964ರ ‘ತುಘಲಕ್’ ಇಲ್ಲ. ಕುದುರೆಮುಖದ ಹಯವದನನಿಗೆ ಪೂರ್ತಿ ಕುದುರೆಯಾಗುವ ಭಾಗ್ಯವೂ ಇಲ್ಲ. ಕಾರ್ನಾಡರಿಗೆ ಅಸ್ತಿತ್ವದ ಪ್ರಶ್ನೆ ಸಾರ್ತ್ರನಿಂದ ಬಂತು ಎಂದು ಪ್ರಬಂಧ ಮಂಡಿಸುವ ವಿದ್ವಾಂಸರು ದಯವಿಟ್ಟು ಈ ಕ್ಲಿನಿಕ್ಕಿಗೂ ಒಮ್ಮೆ ಹೋಗಿ ಬರಬೇಕು.

ಇದು ಬರಿ ಹರಟೆ, ಕೃತಿ ಮುಖ್ಯ, ಕರ್ತೃವಲ್ಲ ಎಂಬುದು ಮೊದಲ ಆಕ್ಷೇಪ. ‘ತುಘಲಕ್’ ಬರೆದಾಗ ಈ ಕಥೆ ಕಾರ್ನಾಡರಿಗೇ ಗೊತ್ತಿರಲಿಲ್ಲ, ತಾಯಿ ಹೇಳಿದ್ದು ಮಗ ಹೆಸರು ಮಾಡಿದ ಮೇಲೆ ಎಂಬುದು ಅದರ ಬಾಲ. ನಿಜವೇ. ಕ್ಲಿನಿಕ್ಕಿನಿಂದ ನಾಟಕ ಹುಟ್ಟಿತೆಂದು ನಾನೂ ಹೇಳುತ್ತಿಲ್ಲ. ಬದಲಾಗುವುದು ಓದುವವರ ಕಣ್ಣು. ಎಲ್ಲವನ್ನೂ ಲೆಕ್ಕಹಾಕಿ ನಡೆಸಹೊರಟು ಲೆಕ್ಕವೇ ತಿರುಗಿಬಿದ್ದ ಸುಲ್ತಾನನ ಕಥೆ ಬರೆದವರು ಸ್ವತಃ ಒಂದು ಕೆಟ್ಟ ಲೆಕ್ಕದ ಫಲ ಎಂದು ತಿಳಿದ ಮೇಲೆ ಆ ನಾಟಕದ ನಗುವಿನ ರುಚಿ ಬೇರೆಯಾಗುತ್ತದೆ. ಮದ್ರಾಸಿಗಂತೂ ಒಬ್ಬ ಸುಲ್ತಾನ ಸಾಲಲಿಲ್ಲ: 1968ರಲ್ಲಿ ಚೋ ರಾಮಸ್ವಾಮಿ ತಮಿಳಿನಲ್ಲಿ ತಮ್ಮದೇ ‘ಮುಹಮ್ಮದ್ ಬಿನ್ ತುಘಲಕ್’ ಆಡಿದರು, 1970ರಲ್ಲಿ ‘ತುಘಲಕ್’ ಎಂದೇ ಪತ್ರಿಕೆ ತೆಗೆದರು. ಕಾರ್ನಾಡರೋ ಹಗಲು ಆಫೀಸು, ಸಂಜೆ ಮದ್ರಾಸ್ ಪ್ಲೇಯರ್ಸ್ ತಂಡದ ನಾಟಕ ಎಂದುಕೊಂಡಿದ್ದು ಆ ಗೆಳೆತನದ ಬಲದಲ್ಲೇ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರಾದರು. ಕೃತಿಯ ಬೇರು ಹುಡುಕುವವರು ಇದನ್ನೆಲ್ಲ ಹರಟೆಯೆಂದು ಬದಿಗೊತ್ತುವುದು ಹೇಗೆ?

ಎರಡನೆಯ ಆಕ್ಷೇಪ ಇನ್ನೂ ಚೂಪು: ನಾಟಕಕಾರ ತನ್ನ ಬದುಕನ್ನೂ ನಾಟಕ ಮಾಡಿಬಿಡುತ್ತಾನೆ, ನಂಬುವುದೆಂತು? ಮಾಡಲಿ. ನಮ್ಮ ಅಭಿನಂದನ ಗ್ರಂಥಗಳ ಮಹನೀಯರನ್ನು ನೋಡಿ. ಅವರು ಹುಟ್ಟುವುದು ಸುಸಂಸ್ಕೃತ ಮನೆತನದಲ್ಲಿ, ಬೆಳೆಯುವುದು ಶಾಲುಗಳ ನಡುವೆ. ಒಂದು ಸಾಲನ್ನೂ ಅನುಮಾನಿಸಲಾಗದು, ಒಂದು ಸಾಲನ್ನೂ ಎರಡನೇ ಸಲ ಓದಲಾಗದು. ಕಾರ್ನಾಡರ ತಾಯಿ ಕೃಷ್ಣಾಬಾಯಿ ಎಳೆಯ ವಯಸ್ಸಿನಲ್ಲೇ ಮಗುವಿನೊಂದಿಗೆ ವಿಧವೆಯಾದವರು, ಸಮಾಜದ ಮಾತಿಗೆ ಅಂಜಿ ವರ್ಷಗಟ್ಟಲೆ ಮುಂದೆ ಹೋದ ಮರುಮದುವೆಯನ್ನು ಕೊನೆಗೂ ಮಾಡಿಕೊಂಡವರು. ಅಂಥವರು ಮಗನೆದುರು ‘ಇವನು ಬೇಡವೆಂದುಕೊಂಡಿದ್ದೆವು’ ಎಂಬರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದರು. ಮಗ ಅದನ್ನು ಅಡಗಿಸದೆ ಪುಸ್ತಕದ ಬಾಗಿಲಲ್ಲೇ ಇಟ್ಟರು. ಇಲ್ಲಿಗೆ ಬಂದಾಗ ನಗು ಗಂಟಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಆ ಡಾಕ್ಟರ ಹೆಸರು ಮಧುಮಾಲತಿ ಗುಣೆ. ‘ಆಡಾಡತ ಆಯುಷ್ಯ’ದ ಅರ್ಪಣೆ ಅವರಿಗೇ.