ಕೊನೇ ಭಾಗದ ಕಂಪ್ಯೂಟರು

ಮಂಡ್ಯ ಸೀಮೆಯಲ್ಲಿ ಬೆಳಿಗ್ಗೆ ಎದ್ದವರು ಕಾಫಿ ಲೋಟ ಕೈಗೆ ಬರುವ ಮೊದಲೇ ಕಟ್ಟೆಯ ಯೋಗಕ್ಷೇಮ ವಿಚಾರಿಸುತ್ತಾರೆ. "ಎಷ್ಟಡಿ ಐತಂತೆ?" ಎಂದರೆ ಸಾಕು. ಯಾವ ಕಟ್ಟೆ ಎಂದು ತಿರುಗಿ ಕೇಳಿದವನು ಪರವೂರಿನವನು. ಕನ್ನಂಬಾಡಿ ತುಂಬಿದರೆ 124.80 ಅಡಿ; ಭತ್ತ, ಕಬ್ಬು, ಮದುವೆ, ಸಾಲ ಎಲ್ಲದರ ಲೆಕ್ಕವೂ ಆ ಅಂಕಿಯಿಂದ ಹಿಂದಕ್ಕೆ ನಡೆಯುತ್ತದೆ.

ಮಂಡ್ಯ ತಾಲ್ಲೂಕಿನ ಹೊಳಲಿನ ನಿವೃತ್ತ ಮೇಷ್ಟ್ರೊಬ್ಬರು ಈ ಅಂಕಿಯನ್ನು ಮೊದಲು ಪೇಪರಿನಲ್ಲಿ ನೋಡುತ್ತಿದ್ದರು, ಆಮೇಲೆ ಟೀವಿಯಲ್ಲಿ. ಈಗ ಮನೆಗೆ ಫೈಬರ್ ಬಂದಿದೆ, ಮೊಮ್ಮಗ ತನ್ನ ಹಳೇ ಡೆಸ್ಕ್‌ಟಾಪನ್ನು ತಾತನಿಗೆ ದಾನ ಮಾಡಿದ್ದಾನೆ, ಇನ್ನು ಅದರಲ್ಲೇ ನೋಡಬೇಕಲ್ಲ. ನಡುಮನೆಯಲ್ಲಿ ಟೀವಿಯ ರಾಜ್ಯಭಾರ, ಅದಕ್ಕೆ ಅಜ್ಜಿಯ ಬೇಷರತ್ ಬೆಂಬಲ. ಕಂಪ್ಯೂಟರು ಒಳಕೋಣೆ ಸೇರಿತು, ರೂಟರು ಟೀವಿ ಪಕ್ಕದಲ್ಲಿ ಉಳಿಯಿತು. ನಡುವೆ ಇಪ್ಪತ್ತೈದು ಅಡಿ, ಒಂದು ಹಳೇ ಮಣ್ಣಿನ ಗೋಡೆ, ಮತ್ತೆ ಕೆಲವು ಸಾಮಾನು. ಆ ಸಾಮಾನಿನ ವಿಷಯ ಆಮೇಲೆ ಬರುತ್ತದೆ.

ಮೊದಲ ಬೆಳಿಗ್ಗೆಯೇ ತೆರೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಆಲೆಮನೆಯ ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಸುತ್ತಿತು, ಸುತ್ತಿತು. ಎತ್ತು ಸುತ್ತಿದರೆ ಕೊನೆಗೆ ಹಾಲಾದರೂ ಇಳಿಯುತ್ತದೆ. ಇಲ್ಲಿ ಮೇಷ್ಟ್ರು ಸ್ನಾನ, ಸಂಧಿಯಲ್ಲಿದ್ದ ಎಮ್ಮೆಯ ವಿಚಾರಣೆ, ತಿಂಡಿ ಮುಗಿಸಿ ಬಂದರೂ ಅಡಿ ಇಳಿಯಲಿಲ್ಲ. ವೇಗ ಅಳೆದರೆ 3 ಎಂಬಿಪಿಎಸ್. ದುಡ್ಡು ಕಟ್ಟಿರುವುದು 100ಕ್ಕೆ. ಮೇಷ್ಟ್ರು ಮೂವತ್ತು ವರ್ಷ ಲೆಕ್ಕ ಕಲಿಸಿದವರು; ನೂರಕ್ಕೆ ಮೂರು ತೆಗೆದ ಹುಡುಗರನ್ನು ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಫೋನ್ ಎತ್ತಿಕೊಂಡರು.

ಕಂಪನಿಯ ಹುಡುಗ ಬಂದ. ಒಳಕೋಣೆಗೆ ಕಾಲೇ ಇಡಲಿಲ್ಲ. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಮೊಳದುದ್ದದ ವೈರಿನಲ್ಲಿ ನೇರ ರೂಟರಿಗೆ ಚುಚ್ಚಿ ತೋರಿಸಿದ: 94.

"ಇನ್ನಾರು ಎಲ್ಲಿ?" ಎಂದರು ಮೇಷ್ಟ್ರು.

"ಮೂಟೆ ತೂಗ್ದಾಗ ಗೋಣಿಚೀಲದ ತೂಕ ಕಳೀತೀವಲ್ಲ ಸಾ, ಹಂಗೆ."

ಇಷ್ಟು ಸರಿಯಾದ ಉತ್ತರವನ್ನು ದೊಡ್ಡ ಪುಸ್ತಕಗಳೂ ಕೊಡುವುದಿಲ್ಲ. ದತ್ತಾಂಶ ಚಿಕ್ಕ ಚಿಕ್ಕ ಕಟ್ಟುಗಳಾಗಿ ಹೊರಡುತ್ತದೆ. ಪ್ರತಿ ಕಟ್ಟಿನ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ ಬರೆದಿರಬೇಕು. ಆ ವಿಳಾಸದ ತೂಕವೇ ಕಡಿಮೆ ಬಿದ್ದ ಆರು. ಹುಡುಗ ಇನ್ನೊಂದು ಮಾತನ್ನೂ ಸೇರಿಸಿದ: ಕಂಪನಿ 100 ಎನ್ನುವುದು ಬಿಟ್ ಲೆಕ್ಕ, ಕಂಪ್ಯೂಟರು ಫೈಲ್ ಇಳಿಸುವಾಗ ತೋರಿಸುವುದು ಬೈಟ್ ಲೆಕ್ಕ, ಎಂಟು ಬಿಟ್ಟಿಗೆ ಒಂದು ಬೈಟ್. ಹಾಗಾಗಿ ಅಲ್ಲಿ 11, 12 ಕಂಡರೆ ಮೋಸ ಹೋದೆವೆಂದು ಗಾಬರಿಯಾಗಬಾರದು. ಸೇರಿನಲ್ಲಿ ಅಳೆದದ್ದನ್ನು ಪಲ್ಲದಲ್ಲಿ ಹೇಳಿದರೆ ಅಂಕಿ ಇಳಿಯುತ್ತದೆ, ಭತ್ತ ಇಳಿಯುವುದಿಲ್ಲ.

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ರೂಟರ್ ಗಂಟ ನಮ್ದು ಸಾ, ಅಲ್ಲಿಂದ ಆಚೆಗೆ ನಿಮ್ದು" ಎಂದ.

ಈ ವಾಕ್ಯವನ್ನು ಮೇಷ್ಟ್ರು ಹುಟ್ಟಿದಾಗಿನಿಂದ ಕೇಳಿದ್ದರು. ನಾಲೆ ಇಲಾಖೆಯದು, ತೂಬಿನಿಂದಾಚೆಯ ಕಾಲುವೆ ರೈತರದು. ಕನ್ನಂಬಾಡಿಯಿಂದ ವಿ.ಸಿ. ನಾಲೆಗೆ ನೀರು ಬಿಟ್ಟರೆಂದು ಪೇಪರಿನಲ್ಲಿ ಬರುತ್ತದೆ. ಮದ್ದೂರು, ಮಳವಳ್ಳಿ ಕಡೆಯ ಕೊನೇ ಭಾಗದವರು ಆ ಪೇಪರನ್ನು ಒಣಗಿದ ಬದುವಿನ ಮೇಲೆ ಕೂತು ಓದುತ್ತಾರೆ. ನೀರಿದೆ, ನಾಲೆಯಿದೆ, ಗದ್ದೆಯಿದೆ. ನಡುವೆ ಎಲ್ಲೋ ಹೂಳು, ಎಲ್ಲೋ ಒಡೆದ ಏರಿ, ಎಲ್ಲೋ ಮೇಲಿನವರ ಮೋಟಾರು. ಒಳಕೋಣೆಯ ಕಂಪ್ಯೂಟರು ಕೊನೇ ಭಾಗದ ರೈತ ಎಂಬುದು ಮೇಷ್ಟ್ರಿಗೆ ಆ ಗಳಿಗೆಯಲ್ಲಿ ಖಚಿತವಾಯಿತು. ಅಂದ ಮೇಲೆ ಕಟ್ಟೆಯನ್ನು ಬೈದು ಪ್ರಯೋಜನವಿಲ್ಲ. ನೀರುಗಂಟಿ ಹಾಗೆ ಹಾರೆ ಹೆಗಲಿಗೇರಿಸಿ ಕಾಲುವೆಯುದ್ದಕ್ಕೂ ನಡೆಯಬೇಕು.

ನೀರುಗಂಟಿ ಶನಿವಾರ ಬಂದ. ಮೊಮ್ಮಗ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಓದುತ್ತಾನೆ. 1962ರಲ್ಲಿ ಶುರುವಾದ ಕಾಲೇಜು. ಅಲ್ಲಿ ಯಾವ ವಿಭಾಗಕ್ಕೆ ಸೇರಿದರೂ ಊರವರು ಅವನ ಕೈಗೆ ಮೊಬೈಲ್, ಮಿಕ್ಸಿ, ಮೋಟಾರು ಕೊಟ್ಟು ರಿಪೇರಿ ಮಾಡು ಎನ್ನುವುದು ಆವತ್ತಿನಿಂದಲೂ ನಡೆದುಬಂದಿರಬೇಕು. ಆದರೆ ಈ ಪ್ರಕರಣದಲ್ಲಿ ಸಿವಿಲ್ಲೇ ಉಪಯೋಗಕ್ಕೆ ಬಂತು, ಯಾಕೆಂದರೆ ವೈಫೈ ರೋಗದಲ್ಲಿ ಅರ್ಧ ಗೋಡೆಯದು.

ತಾತ ನೋಟ್‌ಬುಕ್ ತೆರೆದು ಕೂತರು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಅಳತೆ, ಎಂದು ಕಟ್ಟಪ್ಪಣೆಯಾಯಿತು.

ಮೊದಲು ಮೇಜಿನ ಕೆಳಗೆ ಬಗ್ಗಿದ ಹುಡುಗ ನಕ್ಕ. ಗಾಳಿಯಲ್ಲಿ ಬರುವ ಸಿಗ್ನಲ್ ಹಿಡಿಯುವ ಡಾಂಗಲ್, ಹೆಬ್ಬೆರಳಿನ ಉಗುರಿನಷ್ಟು ವಸ್ತು, ಸಿಪಿಯುವಿನ ಬೆನ್ನಿಗೆ ಅಂಟಿಕೊಂಡಿತ್ತು. ಮುಂದೆ ತಗಡಿನ ಡಬ್ಬ, ಹಿಂದೆ ಗೋಡೆ, ಸುತ್ತ ಜೇಡರ ಬಲೆ. ಪಕ್ಕದ ತೂತಿನಲ್ಲಿ ಅವನದೇ ಹಾರ್ಡ್ ಡಿಸ್ಕು. ಯುಎಸ್‌ಬಿ 3.0 ತೂತಿಗೆ ಚುಚ್ಚಿದ ಇಂಥ ಡಿಸ್ಕುಗಳು ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿದೆ. ವೈಫೈ ಓಡಾಡುವುದೂ ಅದೇ ಓಣಿಯಲ್ಲಿ. ಡಿಸ್ಕು ಕಿತ್ತು, ಡಾಂಗಲ್ಲಿಗೆ ಒಂದು ಗಜ ಎಕ್ಸ್‌ಟೆನ್ಷನ್ ವೈರು ಸಿಕ್ಕಿಸಿ, ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದರು. 9.

ಆ ಓಣಿಯ ಕಥೆಯೂ ಸ್ವಲ್ಪ ಹೇಳಬೇಕು. 2.4ರ ಪಟ್ಟಿಯಲ್ಲಿ ಯಾರು ಬೇಕಾದರೂ ಲೈಸೆನ್ಸಿಲ್ಲದೆ ಮನೆ ಮಾಡಿಕೊಳ್ಳಬಹುದೆಂದು ನಮ್ಮ ಸರ್ಕಾರ 2005ರಲ್ಲಿ ಬಿಟ್ಟುಕೊಟ್ಟಿತು. ಗೋಮಾಳ ಬಿಟ್ಟುಕೊಟ್ಟರೆ ಏನಾಗುತ್ತದೋ ಅದೇ ಆಯಿತು. ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲ ಅಲ್ಲೇ ಮೇಯುತ್ತವೆ. ಅಜ್ಜಿಯ ಭಜನೆಯ ಸ್ಪೀಕರೂ ಅಲ್ಲಿನದೇ ದನ. ಒಂದಕ್ಕೊಂದು ತಾಗದೆ ನಿಲ್ಲುವ ಚಾನೆಲ್ಲುಗಳು ಮೂರೇ: 1, 6, 11. ಹುಡುಗ ಫೋನಿನಲ್ಲಿ ನೋಡಿದರೆ ಬೀದಿಯ ಎಂಟು ಮನೆಯ ರೂಟರುಗಳಲ್ಲಿ ಆರು, ಹಾಲಿನ ಡೈರಿ ಮುಂದೆ ನಿಂತ ಹಾಗೆ, ಆರನೇ ಚಾನೆಲ್ಲಿನಲ್ಲೇ ಸಾಲುಗಟ್ಟಿದ್ದವು. ತಮ್ಮದನ್ನು 1ಕ್ಕೆ ಸರಿಸಿದ. 13.

"5 ಗಿಗಾಹರ್ಟ್ಸ್ ಅಂತ ಇನ್ನೊಂದೈತೆ ತಾತ, ಅದು ಶಾನೆ ಸ್ಪೀಡು."

"ಮತ್ತೆ ಅದನ್ನೇ ಹಾಕ್ಲಾ."

"ಅದು ಗೋಡೆ ಕಂಡ್ರೆ ಬಗ್ಗೋಯ್ತದೆ."

ಹಾಕಿ ನೋಡಿದರೆ ನಿಜವೇ. ನಡುಮನೆಯಲ್ಲಿ ಫೋನಿಗೆ 86 ಕೊಟ್ಟ 5 ಗಿಗಾಹರ್ಟ್ಸ್ ಒಳಕೋಣೆಗೆ ಬರುವಷ್ಟರಲ್ಲಿ ಒಂದು ಕಡ್ಡಿಯಾಗಿ, ಆ ಕಡ್ಡಿಯೂ ಕಣ್ಣು ಮಿಟುಕಿಸಿ ಹೋಯಿತು. ಅಲೆ ಮೊಟಕಾದಷ್ಟೂ ಅಡ್ಡ ಬಂದದ್ದನ್ನು ದಾಟುವ ತ್ರಾಣ ಕಡಿಮೆ.

ಈಗ ಸಾಮಾನಿನ ವಿಷಯ. ಗೋಡೆಗೆ ಒತ್ತಿ ಕನ್ನಡಿಯಿದ್ದ ಕಬ್ಬಿಣದ ಬೀರು. ಅದರ ಪಕ್ಕ, ಸುಗ್ಗಿ ಮುಗಿದ ಮೇಲೆ ಒಟ್ಟಿದ ಹದಿನೆಂಟು ಮೂಟೆ ಭತ್ತ, ಎದೆಯೆತ್ತರಕ್ಕೆ. ಬೀರು ಸಿಗ್ನಲ್ಲನ್ನು ಹಿಂದಕ್ಕೆ ತಳ್ಳುತ್ತದೆ, ಭತ್ತ ಕುಡಿಯುತ್ತದೆ. ಚೆನ್ನಾಗಿ ಒಣಗಿಸಿದ ಭತ್ತದಲ್ಲೂ ನೂರಕ್ಕೆ ಹನ್ನೆರಡು, ಹದಿನಾಲ್ಕರಷ್ಟು ತೇವ ಇರುತ್ತದಲ್ಲ, ಆ ತೇವವೇ ಕುಡಿಯುವುದು. ಕಾಳಿನ ತೇವವನ್ನು ಇದೇ ಜಾತಿಯ ಅಲೆ ಹಾಯಿಸಿ ಅಳೆಯುವ ಯಂತ್ರಗಳೂ ಇವೆ.

"ಅಜ್ಜಿ, ಮೂಟೆ ಜರುಗ್ಸಬೇಕು" ಎಂದ ಮೊಮ್ಮಗ.

"ರೇಟ್ ಬರೋ ಗಂಟ ಅವು ಅಲ್ಲೇ" ಎಂದರು ಅಜ್ಜಿ, ಟೀವಿಯಿಂದ ಕಣ್ಣು ಕೀಳದೆ.

ಹುಡುಗ ಅಮೆರಿಕದ ಸಾಕ್ಷಿ ಕರೆಸಿದ. ವಿಮಾನದೊಳಗೆ ವೈಫೈ ಹೇಗೆ ಹರಡುತ್ತದೆ ಎಂದು ಪರೀಕ್ಷಿಸಬೇಕಾದಾಗ ಬೋಯಿಂಗ್ ಕಂಪನಿಗೆ ದಿನಗಟ್ಟಲೆ ಅಲ್ಲಾಡದೆ ಕೂರುವ ಪ್ರಯಾಣಿಕರು ಸಿಗಲಿಲ್ಲ. ಸೀಟುಗಳ ಮೇಲೆ ಸುಮಾರು 9,000 ಕೆ.ಜಿ. ಆಲೂಗಡ್ಡೆ ಮೂಟೆ ಕೂರಿಸಿದರು. ನೀರು ತುಂಬಿದ ಆಲೂಗಡ್ಡೆ ಸಿಗ್ನಲ್ಲಿನ ಕಣ್ಣಿಗೆ ಮನುಷ್ಯನ ಹಾಗೇ ಕಾಣುತ್ತದೆ. 2012ರಲ್ಲಿ ಇದು ಜಗತ್ತಿಗೆಲ್ಲ ಸುದ್ದಿಯಾಗಿತ್ತು.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಅವ್ರು ಆಲೂಗೆಡ್ಡೆ ಕೂರುಸ್ಕಂಡ್ರೆ ಕೂರುಸ್ಕಳ್ಳಿ. ನಮ್ ಭತ್ತ ಟಿಕೆಟ್ ತಗಂಡೇ ಕೂತೈತೆ."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಇಂಥ ಹೊತ್ತಿನಲ್ಲಿ ಅವರಿಗೆ ಚರಿತ್ರೆ ನೆನಪಾಗುತ್ತದೆ. ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಸುಮಾರು 147 ಕಿಲೋಮೀಟರ್, ಕಾಡು ಮೇಡು ದಾಟಿ. ಬೆಂಗಳೂರಿಗೇ ಆ ಭಾಗ್ಯ ಬಂದದ್ದು 1905ರಲ್ಲಿ. "ನೂರಿಪ್ಪತ್ತು ವರ್ಷದ ಹಿಂದೆ ಅಷ್ಟು ದೂರ ಕಳಿಸಿದ್ರು. ನಾವು ಇಪ್ಪತ್ತೈದು ಅಡಿಗೆ ಒದ್ದಾಡ್ತಾ ಇದೀವಿ. ಯಾಕೆ ಹೇಳು? ಅವರು ವೈರ್ ಎಳೆದಿದ್ರು."

ಭಾನುವಾರ ಎಲೆಕ್ಟ್ರಿಷಿಯನ್ ಬಂದು ಮಣ್ಣಿನ ಗೋಡೆಗೆ ಡ್ರಿಲ್ ಹಿಡಿದ. ಮೂರು ತಲೆಮಾರಿನ ಧೂಳು ಬೀರುವಿನ ಕನ್ನಡಿ ಮೇಲೂ ಅಜ್ಜಿಯ ಸಹನೆಯ ಮೇಲೂ ಬಿತ್ತು. ನೀಲಿ ಬಣ್ಣದ ಲ್ಯಾನ್ ವೈರು ರೂಟರಿನಿಂದ ಹೊರಟು, ತೊಲೆ ಹತ್ತಿ, ಜಂತೆ ಹಿಡಿದು, ಭತ್ತವನ್ನು ಮುಟ್ಟದೆ ಮರ್ಯಾದೆಯಿಂದ ಮೇಲಿನಿಂದಲೇ ದಾಟಿ, ಕೋಣೆಗೆ ಇಳಿಯಿತು. 94. ಗಾಣದ ಎತ್ತು ಕಣ್ಣಿಗೇ ಬೀಳಲಿಲ್ಲ. ಮೇಷ್ಟ್ರು ಕನ್ನಡಕ ಏರಿಸುವಷ್ಟರಲ್ಲಿ ಪುಟ ತೆರೆದು ಕಾಯುತ್ತಿತ್ತು.

ಮರುದಿನವೇ ರೇಟು ಬಂತು. ರೈಸ್ ಮಿಲ್ಲಿನ ಲಾರಿ ಬಾಗಿಲಿಗೆ ಬಂದು ಹದಿನೆಂಟೂ ಮೂಟೆ ಹೇರಿಕೊಂಡು ಹೋಯಿತು. ಮೇಷ್ಟ್ರಿಗೆ ಏನೋ ಹೊಳೆದು, ಯಾರಿಗೂ ಹೇಳದೆ ವೈರು ಕಿತ್ತು, ಮೊಳೆಗೆ ನೇತಾಡುತ್ತಿದ್ದ ಡಾಂಗಲ್ಲನ್ನೇ ಮತ್ತೆ ಸಿಕ್ಕಿಸಿ, 2.4ರಲ್ಲೇ ಅಳೆದರು. ಮೊನ್ನೆ 13 ಕೊಟ್ಟ ಅದೇ ಡಾಂಗಲ್ಲು, ಅದೇ ಗೋಡೆ, ಅದೇ ಚಾನೆಲ್ಲು. ನೋಟ್‌ಬುಕ್ಕಿನಲ್ಲಿ ಅಂಕಿ ಬರೆದುಕೊಂಡು ಸುಮ್ಮನೆ ಅದನ್ನೇ ನೋಡುತ್ತಾ ಕೂತರು. ವೈರಿನ ಖರ್ಚು, ಡ್ರಿಲ್ಲಿನ ಕೂಲಿ, ಸುಣ್ಣ ಬಳಿಸುವ ಬಾಕಿ, ಎಲ್ಲ ಆ ಅಂಕಿಯ ಹಿಂದೆ ಸಾಲಾಗಿ ನಿಂತಿದ್ದವು.

ಅಜ್ಜಿ ಕೋಣೆಗೆ ಬಂದರು. ಮೇಲಿಂದ ಇಳಿಬಿದ್ದಿದ್ದ ನೀಲಿ ವೈರನ್ನು ಎಳೆದು ನೋಡಿ, ಗಟ್ಟಿಯಾಗಿದೆ ಎನ್ನಿಸಿದ ಮೇಲೆ ಒದ್ದೆ ಟವೆಲನ್ನು ಅದಕ್ಕೆ ಹರಡಿದರು.

"ಎಷ್ಟೈತೆ ಇವತ್ತು?"

"ಮೂವತ್ತೆಂಟು" ಎಂದರು ಮೇಷ್ಟ್ರು, ನೋಟ್‌ಬುಕ್ಕಿನಿಂದ ತಲೆಯೆತ್ತದೆ.

"ಅಯ್ಯೋ ಶಿವನೇ!" ಅಜ್ಜಿ ಎದೆ ಹಿಡಿದುಕೊಂಡು ಪಕ್ಕದ ಮನೆಯ ಕಡೆ ಓಡಿದರು. "ಕೇಳಿದ್ರೇನ್ರವ್ವ, ಕಟ್ಟೆ ಮೂವತ್ತೆಂಟಡಿಗೆ ಬಂದೋಯ್ತಂತೆ!"