ಮಗನ ನೆಪದ ಗಾಡಿ

ಬೆಳಗಾವಿಯಿಂದ ಗೋವೆಗೆ ಹೋಗುವ ಹೆದ್ದಾರಿ ನಮ್ಮ ರಾಮನಗರದ ನಡುವೆಯೇ ಹಾಯ್ದು ಹೋಗುತ್ತದೆ. ರಸ್ತೆ ಬದಿಯ ಚಹಾದಂಗಡಿಯಲ್ಲಿ ಒಬ್ಬರು ರಸ್ತೆಗೆ ಬೆನ್ನು ಹಾಕಿ ಕೂತಿರುತ್ತಾರೆ. ಹಿಂದೆ ಏನೋ ಸದ್ದು ಮಾಡುತ್ತ ಹೋಯಿತು ಎನ್ನಿ, ಕಪ್ಪು ಕೆಳಗಿಡದೆ ತೀರ್ಪು ಕೊಡುತ್ತಾರೆ: ‘ಟು ಸ್ಟ್ರೋಕ್. ಪಾಯಿಂಟ್ ಸೆಟ್ ಮಾಡಬೇಕು.’ ಇವರ ಹೆಸರು ಬೇಡ. ಹಳೇ ಗಾಡಿಯ ಹುಚ್ಚು ಬಿಡದ, ಹರೆಯಕ್ಕೆ ಬಂದ ಮಗನಿರುವ ಅಪ್ಪ ಎಂದರೆ ಸಾಕು. ಹಳಿಯಾಳ, ದಾಂಡೇಲಿ, ಮುಂಡಗೋಡಿನವರಿಗೂ ಗುರುತು ಸಿಗುತ್ತದೆ.

ಮಗ ಎಸ್ಸೆಸ್ಸೆಲ್ಸಿ ಮುಗಿಸಿದ ದಿನ ಅಪ್ಪ ಮನೆಯಲ್ಲಿ ಘೋಷಣೆ ಮಾಡಿದರು: ‘ನಾವಿಬ್ರೂ ಕೂಡಿ ಒಂದು ಹಳೇ ಗಾಡಿ ತಗೊಂಡು, ಪೂರ್ತಿ ಬಿಚ್ಚಿ, ನಮಗ ಬೇಕಾದಂಗ ಕಟ್ಟತೇವಿ. ಹುಡುಗನ ಕೈಯಾಗ ಮೊಬೈಲ್ ಬದ್ಲಿ ಪಾನಾ ಇರಬೇಕು.’

‘ಕಾಗದಪತ್ರ ಇರೋ ಗಾಡಿ ತರ್ರಿ’ ಎಂದಷ್ಟೇ ಹೇಳಿ ಅಮ್ಮ ಒಳಗೆ ಹೋದಳು. ಆ ಮನೆಯಲ್ಲಿ ಆವತ್ತು ಆಡಿದ ಮಾತುಗಳಲ್ಲಿ ಬುದ್ಧಿವಂತಿಕೆಯದು ಅದೊಂದೇ.

ಗಾಡಿ ಮಗನಿಗೆ. ಆದರೆ ಯಾವ ಗಾಡಿ ಎಂಬುದು ಮಗ ಹುಟ್ಟುವ ಮೊದಲೇ ನಿಶ್ಚಯವಾಗಿತ್ತು. ಕಾಳಿ ನದಿಗೆ ಅಣೆಕಟ್ಟು ಕಟ್ಟಿ ಸೂಪಾ ಊರು ಮುಳುಗಿದಾಗ ರಾಮನಗರಕ್ಕೆ ಬಂದು ನೆಲೆಸಿದ ಮನೆತನಗಳಲ್ಲಿ ಇವರದೂ ಒಂದು. ಹೊಸ ಊರಲ್ಲಿ ಮೀಸೆ ಚಿಗುರಿದ ಹುಡುಗರೆಲ್ಲ ಆಗ ಆಸೆಪಟ್ಟದ್ದು ಯಮಹಾ ಆರ್‌ಎಕ್ಸ್ 100ಕ್ಕೆ. 98 ಸಿಸಿ, 11 ಕುದುರೆ ಶಕ್ತಿ, 1985ರಲ್ಲಿ ಬಂದದ್ದು. ಇವರ ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ, 1996ರಲ್ಲಿ, ಕಂಪನಿ ಅದನ್ನು ನಿಲ್ಲಿಸಿಯೇಬಿಟ್ಟಿತು. ಹೋಗಲಿ, ಕಿಕ್ ಹೊಡೆದ ಕಡ್ಡಿಯಲ್ಲೇ ಗೇರೂ ಹಾಕುವ ಯೆಜ್ಡಿಯಾದರೂ ಕೊಳ್ಳೋಣವೆಂದರೆ ಅದೇ ವರ್ಷ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೂ ಬೀಗ ಬಿತ್ತು. ಹೀಗೆ ಒಂದೇ ವರ್ಷ ಎರಡು ಸೂತಕ ಕಂಡ ಮನುಷ್ಯ, ಈಗ ಮಗನ ಭವಿಷ್ಯ ರೂಪಿಸಲು ಹೊರಟಿದ್ದಾರೆ.

ಅನಮೋಡ ಘಟ್ಟದ ಆಚೆ ಒಂದು ಆರ್‌ಎಕ್ಸ್ ಇದೆಯೆಂದು ಸುದ್ದಿ ಬಂತು. ಮಾರುವವನು ಇವರ ಮುಖ ನೋಡಿದ್ದೇ ರೇಟು ಏರಿಸಿದ. ‘ಡಾಕ್ಟರ್ ಓಡಿಸಿದ ಗಾಡಿ ರೀ. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ, ಅಷ್ಟ.’ ಕರ್ನಾಟಕದಲ್ಲೂ ಗೋವೆಯಲ್ಲೂ ಮಾರಾಟಕ್ಕಿರುವ ಹಳೇ ಗಾಡಿಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ. ರೋಗಿಗಳನ್ನು ಅವರು ಯಾವಾಗ ನೋಡುತ್ತಿದ್ದರೋ ದೇವರಿಗೇ ಗೊತ್ತು.

ಅಪ್ಪ ಟ್ಯಾಂಕಿನ ಮೇಲೆ ಅಂಗೈ ಆಡಿಸಿದರು. ಮಗ ಎಂಜಿನ್ ಮುಟ್ಟಿ ಸರಕ್ಕನೆ ಕೈ ತೆಗೆದ.

‘ಅಪ್ಪಾ, ಎಂಜಿನ್ ಬಿಸಿ ಐತಿ.’

‘ನೋಡು ಮತ್ತ! ನಾವು ಬರ್ತೇವಂತ ರೆಡಿ ಮಾಡಿ ಇಟ್ಟಾರ.’

‘ಥಂಡ್ ಇದ್ದಾಗ ಸ್ಟಾರ್ಟ್ ಆಗೂದಿಲ್ಲ, ಅದಕ್ಕ ಕಾಯಿಸಿ ಇಟ್ಟಾರ.’

ಅಪ್ಪನಿಗೆ ಕೇಳಿಸಲಿಲ್ಲ, ಒಂದೇ ಕಿಕ್ಕಿಗೆ ಗಾಡಿ ಶುರುವಾಗಿತ್ತು, ಅವರು ಕಣ್ಣು ಮುಚ್ಚಿದ್ದರು. ಮಗ ಮಾತ್ರ ಮಂಡಿಯೂರಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲು ನೋಡಿದ: ಸವೆದು ಕೊಕ್ಕೆಯಾಗಿದ್ದವು. ಮೀಟರ್ ತೋರಿಸುತ್ತಿದ್ದದ್ದು ಹದಿನೆಂಟು ಸಾವಿರ ಕಿಲೋಮೀಟರ್. ಫುಟ್‌ರೆಸ್ಟಿನ ರಬ್ಬರು ಗೀರಿಲ್ಲದೆ ನುಣ್ಣಗಾಗಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆಲ್ಲ ಕೆಂಪು ತುಕ್ಕು. ಕೊನೆಗೆ ಹ್ಯಾಂಡಲ್ ಕೆಳಗಿನ ಚೆಸ್ಸಿ ನಂಬರಿನ ಮೇಲೆ ದಪ್ಪಗೆ ಬಳಿದ ಹೊಸ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ತಿಕ್ಕಿದ. ಆರ್‌ಸಿಯಲ್ಲಿ ಕೊನೆಯ ಅಂಕಿ 3, ಕಬ್ಬಿಣದ ಮೇಲೆ 8.

‘ಅಪ್ಪಾ, ನಂಬರ್ರ ಬ್ಯಾರೆ ಐತಿ!’

‘ಇರ್ಲಿ ಬಿಡೋ. ಸೌಂಡ್ ಕೇಳು ಒಮ್ಮೆ.’

ಮರಳುವಾಗ ಮಗ ಬಸ್ಸಿನಲ್ಲಿ ಪಾಠ ಮಾಡಿದ. ನಂಬರ್ ಸರಿಯಿದ್ದರೂ ಗೋವಾ ಗಾಡಿಗೆ ಅಲ್ಲಿಯ ಆರ್‌ಟಿಓದಿಂದ ಎನ್‌ಓಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ದಾಂಡೇಲಿಯಲ್ಲಿ ಕೆಎ 65 ನಂಬರ್ ಹಾಕಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತಿರಬೇಕು. ಸೀಟು ಮೊಟಕು ಮಾಡಿ, ಫ್ರೇಮ್ ಕತ್ತರಿಸಿ, ಊರೆಲ್ಲ ಎದ್ದು ಕೂರುವಂಥ ಸೈಲೆನ್ಸರ್ ಹಾಕುವ ಅಪ್ಪನ ನಕ್ಷೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ನಿಂತಿದೆ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ತಿದ್ದುವ ಹಾಗಿಲ್ಲವೆಂದು ಸುಪ್ರೀಂ ಕೋರ್ಟೂ 2019ರಲ್ಲಿ ಹೇಳಿದೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು.

‘ಹಂಗಾದ್ರ ನಾವು ಕಟ್ಟೂದೇನು?’ ಎಂದರು ಅಪ್ಪ.

‘ಎಂಜಿನ್ ಬಿಚ್ಚೂದು, ಅದನ್ನ ಕಟ್ಟೂದು. ಅಷ್ಟು ಬಂದ್ರ ಸಾಕಲ್ಲ?’

ಮಗನ ಆಯ್ಕೆ ಹಳಿಯಾಳದ ಹಳೇ ಸ್ಪ್ಲೆಂಡರ್. 97.2 ಸಿಸಿ. 1994ರಿಂದ ಊರೂರು ಸುತ್ತುತ್ತಿರುವ ಈ ಗಾಡಿಯ ಬಿಡಿಭಾಗ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಬಿಚ್ಚಿ ಕೆಡಿಸಿದರೂ ಸರಿಮಾಡಲು ಬರುವ ಮೆಕ್ಯಾನಿಕ್ ಓಣಿಗೊಬ್ಬನಿದ್ದಾನೆ. ಮುಂಜಾನೆ ಹೋಗಿ ಮುಟ್ಟಿದರೆ ಎಂಜಿನ್ ತಣ್ಣಗಿತ್ತು, ಮೂರನೇ ಕಿಕ್ಕಿಗೆ ಶುರುವಾಯಿತು, ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ. ಚೆಸ್ಸಿ, ಎಂಜಿನ್, ಆರ್‌ಸಿ ಮೂರೂ ತಾಳೆಯಾದವು. ಓಡಿಸಿದವನು ಡಾಕ್ಟರಲ್ಲ, ಹಾಲು ಹಾಕುವವನು, ಅವನೇ ಒಪ್ಪಿಕೊಂಡ. ಅಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು, ‘ಇದು ಗಾಡಿ ಅಲ್ಲೋ, ಹೊಲಿಗಿ ಮಷೀನು’ ಎಂದು ಮೂಗು ಮುರಿದರು. ಫಾರ್ಮ್ 29, 30ಕ್ಕೆ ಸಹಿ ಮಾತ್ರ ಹಾಕಿದರು.

ಈಗ ಹಿತ್ತಲಲ್ಲಿ ಎಂಜಿನ್ ಬಿಚ್ಚಿದೆ. ಮಗ ಪಾನಾ ಹಿಡಿದಿದ್ದಾನೆ, ಅಪ್ಪ ಟಾರ್ಚ್ ಹಿಡಿದಿದ್ದಾರೆ. ಮಗನಿಗೆ ಹದಿನೆಂಟು ತುಂಬುವವರೆಗೆ ಗೇರ್ ಗಾಡಿಯ ಲೈಸೆನ್ಸ್ ಸಿಗುವುದಿಲ್ಲ. ಅದಕ್ಕೂ ಮೊದಲು ಅವನು ರಸ್ತೆಗಿಳಿದು ಸಿಕ್ಕಿಬಿದ್ದರೆ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡ ಗಾಡಿಯ ಬೆಲೆಗಿಂತ ಹೆಚ್ಚು. ಹಾಗಾಗಿ ‘ಟ್ರಯಲ್’ ನೋಡುವ ಜವಾಬ್ದಾರಿಯೆಲ್ಲ ಅಪ್ಪನದೇ. ಮಗನಿಗಾಗಿ ಆ ಕಷ್ಟವನ್ನೂ ಅವರು ಸಹಿಸಿಕೊಳ್ಳಲಿದ್ದಾರೆ.

ಹಳೇ ಗಾಡಿ ನೋಡಲು ಹೊರಟ ಅಪ್ಪಂದಿರಲ್ಲಿ ಒಂದು ವಿನಂತಿ. ದುಡ್ಡು ಮಗನ ಕಿಸೆಯಲ್ಲಿಡಿ, ಚೌಕಾಶಿ ಅವನೇ ಮಾಡಲಿ. ಚೆಸ್ಸಿ ನಂಬರ್ ತಾಳೆಯಾಗುವವರೆಗೆ ನೀವು ಹೊರಗೆ ಚಹಾ ಕುಡಿಯುತ್ತಿರಿ. ಸೌಂಡ್ ಆಮೇಲೆ ಕೇಳಿದರಾಯಿತು.