ಮುತ್ಯಾನ ಎದಿ ಫೋಟೊ

(ವಾಡಿ ಜಂಕ್ಷನ್. ಕಲಬುರಗಿ ರೈಲಿಗೆ ಕಾಯುತ್ತಿದ್ದಾರೆ ಮುತ್ಯಾ, ಮಮ್ಮಗ.)

ಮುತ್ಯಾ: ಮುದುಕರಿಗಿ ಟಿಕೆಟ್ ಕಮ್ಮಿ ಇತ್ತಲ್ಲೋ ತಮ್ಮಾ?

ಮಮ್ಮಗ: 2020ರ ಮಾರ್ಚ್‌ದಾಗ ಬಂದ್ ಮಾಡ್ಯಾರ. ಕೊರೋನಾದಾಗ ವಯಸ್ಸಾದವರು ಸುಮ್ಮ ತಿರಗಬಾರದಂತ.

ಮುತ್ಯಾ: ಕೊರೋನಾ ಹೋತು, ರಿಯಾಯ್ತಿ ತಿರುಗಿ ಬರಲಿಲ್ಲ. ಬಸ್ಸಿಗಿ ಹೋಗಮು?

ಮಮ್ಮಗ: ಬಸ್ಸು ಪುಕ್ಕಟೆ ಇರೋದು ಆಯಿಗಿ. 2023ರ ಜೂನ್ 11ರಿಂದ.

ಮುತ್ಯಾ: ಹಂಗಾರ ಆಕಿನ್ನೇ ಕಳಸಬೇಕಿತ್ತು. ನನ್ನ ಕೆಮ್ಮು ಆಕಿಗಿ ಬಾಯಿಪಾಠ ಅದ.

(ಆಸ್ಪತ್ರೆ. ಚೀಟಿ ಸಾಲು, ರಕ್ತದ ಸಾಲು, ಊಟದ ವಿರಾಮ, ಕಡೆಗೆ ಡಾಕ್ಟರು.)

ಡಾಕ್ಟರ್: ಅಜ್ಜಾರ, ಬೀಡಿ ಸೇದ್ತೀರೇನು?

ಮುತ್ಯಾ: ಇಲ್ರಿ. ಶಹಾಬಾದ್ ಖಣಿಯಾಗ ಫರಸಿ ಒಡದೀನಿ.

ಡಾಕ್ಟರ್: ಎದಿ ಫೋಟೊ ತೆಗಸ್ರಿ. ಧೂಳದಾಗ ಇರಬ್ಯಾಡ್ರಿ.

ಮುತ್ಯಾ: ಅತ್ತ ವಾಡಿ ಸಿಮೆಂಟ್, ಇತ್ತ ಸೇಡಂ ಸಿಮೆಂಟ್, ನಡುವ ನಮ್ಮ ಚಿತ್ತಾಪುರ. ಎಲ್ಲಿಗಿ ಹೋಗ್ಲಿ?

ಮಮ್ಮಗ: ಚಿಂಚೋಳಿ ಕಾಡಿಗಿ, ಮುತ್ಯಾ. ವನ್ಯಜೀವಿಧಾಮ ಅದ, ಗಾಳಿ ಚಲೋ.

ಮುತ್ಯಾ: ಪ್ರಾಣಿಗಳಿಗಿ ಚಲೋ ಗಾಳಿ ಕೊಟ್ರಂತಾತು! ಡಾಕ್ಟ್ರ ಸಾಹೇಬ್ರ, ಮ್ಯಾಲಿನವರಿಗೊಂದು ಮಾತು ಹೇಳ್ರಿ: ಸಿಮೆಂಟ್ ಒಯ್ದ ವ್ಯಾಗನ್ ಖಾಲಿ ತಿರುಗಿ ಬರ್ತಾವ, ಅದರಾಗ ಒಬ್ಬ ಎದಿ ಡಾಕ್ಟರನ್ನ ಕೂಡ್ರಿಸಿ ನಮ್ಮ ಕಡಿಗಿ ಕಳಸ್ರಿ.